‘ಎಲ್ಲಿಗೆ ಹೋದಳು’ ಎಂದು ಕೇಳುವ ಊರು

ರಾಯಚೂರು ಜಿಲ್ಲೆಯ ಒಂದು ಹಳ್ಳಿ. ನವೆಂಬರ್ ತಿಂಗಳ ಮಕ್ಕಳ ಗ್ರಾಮಸಭೆಗೆಂದು ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಮುಂದಿನ ಸಾಲಿನಲ್ಲಿ ಪಂಚಾಯತಿ ಅಧ್ಯಕ್ಷೆ, ಪಿಡಿಒ, ಮುಖ್ಯ ಗುರುಗಳು, ಆಶಾ ಕಾರ್ಯಕರ್ತೆ. ಮಕ್ಕಳು ಒಬ್ಬೊಬ್ಬರಾಗಿ ಎದ್ದು ತಮ್ಮ ಅಹವಾಲು ಹೇಳುತ್ತಿದ್ದರು. ಶೌಚಾಲಯಕ್ಕೆ ನೀರಿಲ್ಲ, ಕಾಂಪೌಂಡ್ ಬಿದ್ದಿದೆ, ಹೈಸ್ಕೂಲಿಗೆ ಹೋಗುವ ಬಸ್ಸು ನಮ್ಮೂರಲ್ಲಿ ನಿಲ್ಲಿಸುವುದಿಲ್ಲ. ಎಲ್ಲದಕ್ಕೂ ಪಿಡಿಒ ‘ಬರೆದುಕೊಂಡಿದ್ದೇವೆ’ ಎನ್ನುತ್ತಿದ್ದರು. ಕೊನೆಗೆ ಏಳನೇ ತರಗತಿಯ ಒಬ್ಬ ಹುಡುಗಿ ಎದ್ದಳು. “ಸರ, ನಮ್ಮ ಕ್ಲಾಸಿನಾಕಿ ಒಬ್ಬಾಕಿ ದಸರಾ ಸೂಟಿ ಮುಗದ ಮ್ಯಾಲ ಬಂದೇ ಇಲ್ರಿ. ಎಲ್ಲಿಗೆ ಹೋದಳು ಅಂತ ಯಾರೂ ಕೇಳವಲ್ರು.”

ಸಭೆ ತಟ್ಟನೆ ಮೌನವಾಯಿತು. ಹಿಂದಿನಿಂದ ಯಾರೋ ಹೆಂಗಸು, “ಮಾವನ ಸಂಗಾಟ ಬೆಂಗಳೂರಿಗೆ ಹೋಗ್ಯಾಳವಾ, ಮನಿ ಕೆಲಸಕ್ಕ” ಅಂದಳು. “ಯಾವ ಮಾವ?” ಎಂದು ಪಿಡಿಒ ಕೇಳಿದರು. ಆ ಪ್ರಶ್ನೆಗೆ ಅಲ್ಲಿದ್ದ ಯಾರ ಬಳಿಯೂ ಉತ್ತರ ಇರಲಿಲ್ಲ.

ಮಾನವ ಕಳ್ಳಸಾಗಣೆಯ ಬಗ್ಗೆ ಹಲವು ವರ್ಷಗಳಿಂದ ಓದುತ್ತಾ, ಕೇಳುತ್ತಾ, ಊರೂರು ಸುತ್ತುತ್ತಾ ಬಂದಿರುವ ನನಗೆ ಆ ಹುಡುಗಿಯ ಮಾತಿನಲ್ಲಿ ಇಡೀ ಸಮಸ್ಯೆ ಕಂಡಿತು. ಈ ದಂಧೆ ನಡೆಯುವುದೇ ಯಾರೂ ಕೇಳುವುದಿಲ್ಲ ಎಂಬ ಧೈರ್ಯದ ಮೇಲೆ. ಬಡವರ ಮನೆಯ ಮಗು, ಸಾಲದ ಮನೆಯ ಹೆಣ್ಣು, ದಲಿತ ಕೇರಿಯ ಹುಡುಗ ಕಾಣೆಯಾದರೆ ಊರು ಎರಡು ದಿನ ಮಾತಾಡಿ ಮೂರನೇ ದಿನ ಸುಮ್ಮನಾಗುತ್ತದೆ. ಆ ಮೌನವನ್ನು ಮುರಿಯಲು ಊರಿನವರೇ ಕಟ್ಟಿಕೊಂಡ ವ್ಯವಸ್ಥೆಗಳು ನಮ್ಮಲ್ಲೂ ಇವೆ, ಹೊರಗೂ ಇವೆ. ಅವು ಹೇಗೆ ಹುಟ್ಟಿದವು, ಎಲ್ಲಿ ಗೆದ್ದವು, ಎಲ್ಲಿ ಸೋತವು, ಕೆಲವೊಮ್ಮೆ ಹೇಗೆ ತಾವೇ ತೊಂದರೆಯಾದವು ಎಂಬುದರ ಅವಲೋಕನ ಈ ಲೇಖನ.

ಅಪರಿಚಿತನಲ್ಲ, ಗುರುತಿನವನು

ಸಾಗಾಣಿಕೆ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಸಿನಿಮಾದ ಚಿತ್ರ: ಕಪ್ಪು ಗಾಜಿನ ವ್ಯಾನು, ಬಾಯಿಗೆ ಬಟ್ಟೆ ತುರುಕಿದ ಹುಡುಗಿ. ಬಹುಪಾಲು ಪ್ರಕರಣಗಳು ಹಾಗಿರುವುದಿಲ್ಲ. ಕರೆದೊಯ್ಯುವವರು ಅತ್ತೆಯೋ, ದೂರದ ಮಾವನೋ, ಕಳೆದ ವರ್ಷ ಅದೇ ಊರಿನಿಂದ ಹೋಗಿ ಒಳ್ಳೆಯ ಸೀರೆ ಉಟ್ಟು ಬಂದ ನೆರೆಮನೆಯವಳೋ ಆಗಿರುತ್ತಾರೆ. ಕೆಲಸ, ಮದುವೆ ಅಥವಾ ಮುಂಗಡ ಹಣ, ಈ ಮೂರರಲ್ಲಿ ಒಂದು ಬಾಗಿಲಿನಿಂದ ಅವರು ಮನೆಯೊಳಗೆ ಬರುತ್ತಾರೆ. ಧಾರವಾಡ, ಹಾವೇರಿ, ಗದಗದ ಕಡೆ ‘ಗುಜ್ಜರ ಮದುವೆ’ ಎಂಬ ಮಾತೇ ಚಾಲ್ತಿಯಲ್ಲಿದೆ. ಗುಜರಾತ್, ರಾಜಸ್ಥಾನದ ಕಡೆಯ ವರನಿಗೆ ದಲ್ಲಾಳಿಯ ಮೂಲಕ ಹೆಣ್ಣು ಕೊಡುವುದಕ್ಕೆ ಆ ಹೆಸರು. ಮದುವೆಯ ಖರ್ಚು ಗಂಡಿನ ಕಡೆಯದು, ಮೇಲೆ ಒಂದಿಷ್ಟು ದುಡ್ಡು. 2011ರ ಜನಗಣತಿಯಲ್ಲಿ ಸಾವಿರ ಗಂಡಸರಿಗೆ 879 ಹೆಂಗಸರಿದ್ದ ಹರಿಯಾಣದಲ್ಲಿ ಹೀಗೆ ಹೊರರಾಜ್ಯಗಳಿಂದ ಬಂದ ಹೆಂಡತಿಗೆ ‘ಮೋಲ್ಕಿ’ ಎನ್ನುತ್ತಾರೆ. ಹಾಗೆಂದರೆ ಬೆಲೆ ಕೊಟ್ಟು ತಂದವಳು.

ಕಾನೂನಿನ ಕೊರತೆ ನಮಗಿಲ್ಲ. ಸಂವಿಧಾನದ 23ನೇ ವಿಧಿ ಮನುಷ್ಯರ ಮಾರಾಟವನ್ನೂ ಬಿಟ್ಟಿ ದುಡಿಮೆಯನ್ನೂ ಒಂದೇ ಉಸಿರಿನಲ್ಲಿ ನಿಷೇಧಿಸಿದೆ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆ, 1976ರ ಜೀತ ಪದ್ಧತಿ ರದ್ದತಿ ಕಾಯ್ದೆ, 2012ರ ಪೋಕ್ಸೊ ಇವೆ. ವಿಶ್ವಸಂಸ್ಥೆಯ 2000ದ ಪಲೆರ್ಮೊ ಒಪ್ಪಂದಕ್ಕೆ ಭಾರತ 2011ರಲ್ಲಿ ಅಂಗೀಕಾರ ಕೊಟ್ಟಿತು. 2013ರಲ್ಲಿ ದಂಡ ಸಂಹಿತೆಗೆ ಸೇರಿದ ವಿವರವಾದ ವ್ಯಾಖ್ಯೆ ಈಗ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮಿನಲ್ಲಿದೆ. ಅದರ ಪ್ರಕಾರ ಬಲವಂತ ಮಾತ್ರವಲ್ಲ, ಮೋಸ, ಆಮಿಷ, ಅಧಿಕಾರದ ದುರುಪಯೋಗ ಎಲ್ಲವೂ ಅಪರಾಧ. ‘ಅವಳೇ ಒಪ್ಪಿ ಬಂದಳು’ ಎಂಬ ವಾದಕ್ಕೆ ಅಲ್ಲಿ ಬೆಲೆಯಿಲ್ಲ. ಆದರೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಪ್ರಕಾರ 2022ರಲ್ಲಿ ಇಡೀ ದೇಶದಲ್ಲಿ ಮಾನವ ಕಳ್ಳಸಾಗಣೆಯೆಂದು ದಾಖಲಾದ ಪ್ರಕರಣಗಳು 2,250. ಇಷ್ಟು ದೊಡ್ಡ ದೇಶಕ್ಕೆ ಈ ಸಂಖ್ಯೆ ತೀರ ಚಿಕ್ಕದು. ಪೊಲೀಸ್ ಠಾಣೆಯವರೆಗೆ ಬಂದದ್ದನ್ನಷ್ಟೇ ಅದು ಹೇಳುತ್ತದೆ.

ಬಲಿಯಾಗುವವರು ಹೆಣ್ಣುಮಕ್ಕಳು ಮಾತ್ರ ಎಂದುಕೊಳ್ಳುವುದೂ ತಪ್ಪು. 2024ರಲ್ಲಿ ಕಲಬುರಗಿ ಜಿಲ್ಲೆಯ ಕೆಲವು ಯುವಕರು ಸೆಕ್ಯೂರಿಟಿ ಗಾರ್ಡ್ ಕೆಲಸವೆಂಬ ಭರವಸೆ ನಂಬಿ ರಷ್ಯಾಕ್ಕೆ ಹೋಗಿ ಯುದ್ಧಭೂಮಿಯಲ್ಲಿ ಸಿಕ್ಕಿಕೊಂಡರು. ಡೇಟಾ ಎಂಟ್ರಿ ಕೆಲಸವೆಂದು ಹೋಗಿ ಮ್ಯಾನ್ಮಾರ್ ಗಡಿಯ ಸೈಬರ್ ವಂಚನೆಯ ಅಡ್ಡೆಗಳಲ್ಲಿ ಸೆರೆಯಾಗಿದ್ದ 500ಕ್ಕೂ ಹೆಚ್ಚು ಭಾರತೀಯರನ್ನು 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು. ಓದಿದ ಹುಡುಗರಿಗೂ ದಲ್ಲಾಳಿ ಗುರುತಿನವನೇ ಆಗಿ ಬರುತ್ತಾನೆ, ಈಗ ಟೆಲಿಗ್ರಾಂ ಗುಂಪಿನ ಮೂಲಕ.

ಮುತ್ತು ಕಟ್ಟಿಸಿಕೊಂಡವರ ಕಾವಲು

ಕರ್ನಾಟಕದ ಮಟ್ಟಿಗೆ ಸ್ಥಳೀಯ ಹೋರಾಟದ ಅತ್ಯಂತ ಗಟ್ಟಿಯಾದ ಉದಾಹರಣೆ ಬೆಳಗಾವಿ ಜಿಲ್ಲೆಯದು. ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಕೊರಳಿಗೆ ಕೆಂಪು ಬಿಳಿ ಮಣಿಯ ಸರ, ಅಂದರೆ ಮುತ್ತು, ಬಿದ್ದು ದೇವದಾಸಿಯಾದ ಹುಡುಗಿಗೆ ಮದುವೆಯಿಲ್ಲ. ಮೈನೆರೆದ ಮೇಲೆ ಊರಿನ ಉಳ್ಳವನೊಬ್ಬನ ಪಾಲು, ಅವನು ಕೈಬಿಟ್ಟ ಮೇಲೆ ಮುಂಬೈ, ಪುಣೆ, ಸಾಂಗ್ಲಿಯ ಹಾದಿ. ಗೋಕಾಕ, ಅಥಣಿ, ರಾಯಬಾಗದ ದಲಿತ ಕೇರಿಗಳಿಂದ ಮುಂಬೈಯ ಕಾಮಾಟಿಪುರದವರೆಗೆ ಹಾಸಿದ್ದ ಈ ದಾರಿಗೆ ದೇವರ ಹೆಸರು ಇದ್ದದ್ದರಿಂದ ಯಾರೂ ಅದನ್ನು ಸಾಗಾಣಿಕೆ ಎನ್ನುತ್ತಿರಲಿಲ್ಲ. ತಲೆಗೂದಲು ಜಡೆಗಟ್ಟಿದರೆ ಅಮ್ಮ ಕರೆದಳು ಎನ್ನುತ್ತಿದ್ದರು. ಗಂಡುಮಕ್ಕಳಿಲ್ಲದ ಮನೆಯಲ್ಲಿ ಮುಪ್ಪಿನ ಕಾಲಕ್ಕೆ ಆಸರೆ ಬೇಕೆಂದು ಮಗಳಿಗೆ ಮುತ್ತು ಕಟ್ಟಿಸುವುದೂ ಇತ್ತು.

1982ರಲ್ಲಿ ಕರ್ನಾಟಕ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಬಂತು. ಆದರೆ ಅದರಡಿ ದೂರು ಕೊಡಬೇಕಾದವಳು ಹೆತ್ತವರ ವಿರುದ್ಧವೇ ಕೊಡಬೇಕಿತ್ತು. ಜಾತ್ರೆಯಲ್ಲಿ ಬಹಿರಂಗವಾಗಿ ನಡೆಯುತ್ತಿದ್ದದ್ದು ಮನೆಯೊಳಕ್ಕೆ, ಬೇರೆ ಊರಿನ ಸಣ್ಣ ಗುಡಿಗೆ ಸರಿಯಿತು. ಪೊಲೀಸರಿಗೆ ಕಾಣದ್ದನ್ನು ಕಂಡವರು ಸ್ವತಃ ಆ ದಾರಿ ತುಳಿದಿದ್ದ ಹೆಂಗಸರು. 1990ರ ದಶಕದಲ್ಲಿ ಮಹಿಳಾ ಅಭಿವೃದ್ಧಿ ನಿಗಮ ಮತ್ತು ಮೈರಾಡ ಸಂಸ್ಥೆಯ ಯೋಜನೆಯಡಿ ಸಂಘಗಳಾಗಿ ಸೇರಿದ್ದ ಮಾಜಿ ದೇವದಾಸಿಯರು 1997ರಲ್ಲಿ ಘಟಪ್ರಭೆಯಲ್ಲಿ ತಮ್ಮದೇ ‘ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ’ಯನ್ನು ಕಟ್ಟಿಕೊಂಡರು. ಜನ ಅದನ್ನು ‘ಮಾಸ್’ ಎನ್ನುತ್ತಾರೆ. ಏಳನೇ ವಯಸ್ಸಿನಲ್ಲಿ ದೇವರಿಗೆ ಬಿಡಲ್ಪಟ್ಟ ಸೀತವ್ವ ಜೋಡಟ್ಟಿ ಅದರ ಮುಂಚೂಣಿಯಲ್ಲಿ ನಿಂತವರು. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಅವರ ಕೆಲಸದ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಯಾವ ಮನೆಯಲ್ಲಿ ಕಾಯಿಲೆ ಬಿದ್ದ ಹುಡುಗಿಯಿದ್ದಾಳೆ, ಯಾರ ತಲೆಗೂದಲು ಗಂಟುಗಟ್ಟಿದೆ, ಯಾವ ಮನೆಯವರು ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ತಯಾರಿಯಲ್ಲಿದ್ದಾರೆ ಎಂಬುದು ಕೇರಿಯ ಹೆಂಗಸರಿಗೆ ಮೊದಲೇ ಗೊತ್ತಾಗುತ್ತದೆ. ಅಂಥ ಮನೆಗೆ ಹೋಗಿ ಜಗಲಿಯ ಮೇಲೆ ಕೂತು ಮೊದಲು ತಮ್ಮ ಕತೆ ಹೇಳುತ್ತಾರೆ. ‘ನನಗೂ ಹಿಂಗ ಕಟ್ಟಿದ್ರವ್ವ, ನಾ ಉಂಡದ್ದು ನಿನ್ನ ಮಗಳಿಗೆ ಬ್ಯಾಡ’ ಎಂಬ ಮಾತಿಗಿರುವ ತೂಕ ಯಾವ ಅಧಿಕಾರಿಯ ಭಾಷಣಕ್ಕೂ ಇಲ್ಲ. ಗಂಟುಗಟ್ಟಿದ ಕೂದಲನ್ನು ತೊಳೆದು, ಬಿಡಿಸಿ, ಬೇಕಾದರೆ ಕತ್ತರಿಸಿ, ಏನೂ ಆಗುವುದಿಲ್ಲ ಎಂದು ಕಣ್ಣೆದುರಿಗೇ ತೋರಿಸುತ್ತಾರೆ. ಮಾತು ಕೇಳದಿದ್ದರೆ ಮಾತ್ರ ಪೊಲೀಸರು. ಜೊತೆಗೆ ಉಳಿತಾಯ ಸಂಘ, ಎಮ್ಮೆ ಸಾಲ, ಮಕ್ಕಳ ಶಾಲೆ. ಅಥಣಿಯಲ್ಲಿ ವಕೀಲ ಬಿ.ಎಲ್. ಪಾಟೀಲರು ಕಟ್ಟಿದ ವಿಮೋಚನಾ ಸಂಘ ಮಲಾಬಾದದಲ್ಲಿ ದೇವದಾಸಿಯರ ಮಕ್ಕಳಿಗಾಗಿ ವಸತಿ ಶಾಲೆಯನ್ನೇ ತೆರೆಯಿತು. ತಾಯಿಯ ದಾರಿ ಮಗಳಿಗೆ ಬರಬಾರದೆಂದರೆ ಮಗಳ ಹಾಸಿಗೆ ಬೇರೆಡೆ ಇರಬೇಕು ಎಂಬುದು ಅದರ ಹಿಂದಿನ ಸರಳ ತಿಳಿವಳಿಕೆ.

ಸರ್ಕಾರದ 1993–94ರ ಸಮೀಕ್ಷೆ 22,873 ದೇವದಾಸಿಯರನ್ನು ಗುರುತಿಸಿತ್ತು. 2007–08ರ ಮರು ಸಮೀಕ್ಷೆಯ ನಂತರ ಒಟ್ಟು ಸಂಖ್ಯೆ 46,660ಕ್ಕೆ ಏರಿತು. ಮಾಸಾಶನ, ಮನೆ, ಸಾಲ ಎಲ್ಲವೂ ಈ ಪಟ್ಟಿಯಲ್ಲಿದ್ದವರಿಗೆ. ಪಟ್ಟಿಯಿಂದ ಹೊರಗುಳಿದವಳು ಸರ್ಕಾರದ ಮಟ್ಟಿಗೆ ಇಲ್ಲವೇ ಇಲ್ಲ. ‘ಪದ್ಧತಿ ನಿಂತಿದೆ’ ಎಂದು ಕಾಗದ ಹೇಳುವಾಗ ‘ನಿಂತಿಲ್ಲ, ರೂಪ ಬದಲಿಸಿದೆ’ ಎಂದು ಸಂಘದ ಹೆಂಗಸರು ಹೇಳುತ್ತಲೇ ಬಂದರು. 2025ರಲ್ಲಿ ದೇವದಾಸಿಯರ ಮಕ್ಕಳ ಹಕ್ಕುಗಳನ್ನೂ ಒಳಗೊಂಡ ಹೊಸ ಮಸೂದೆಗೆ ವಿಧಾನಮಂಡಲ ಒಪ್ಪಿಗೆ ಕೊಟ್ಟಿತು. ಇದರ ಹಿಂದೆ ಇರುವುದು ಈ ಹೆಂಗಸರ ಹಲವು ವರ್ಷಗಳ ಧರಣಿ, ಮನವಿ, ಪಾದಯಾತ್ರೆ.

ಜೀತದ ಮುಂಗಡ

ಸ್ಥಳೀಯ ಹೋರಾಟದ ಎರಡನೆಯ ಧಾರೆ ಜೀತ ವಿಮುಕ್ತಿಯದು. ಹಳೆ ಮೈಸೂರಿನ ಕಡೆ ಯುಗಾದಿಯಿಂದ ಯುಗಾದಿಗೆ ಆಳು ಗೊತ್ತು ಮಾಡುವ ರೂಢಿಯಿತ್ತು. ಅಪ್ಪ ಮದುವೆಗೋ ಆಸ್ಪತ್ರೆಗೋ ತಂದ ಸಾಲಕ್ಕೆ ಮಗ ದನ ಕಾಯಲು ನಿಲ್ಲುತ್ತಿದ್ದ. ವರ್ಷ ಕಳೆದರೂ ಸಾಲ ಕರಗುತ್ತಿರಲಿಲ್ಲ. 1976ರ ಕಾಯ್ದೆಯ ನಂತರ ಕರ್ನಾಟಕದಲ್ಲಿ 63 ಸಾವಿರಕ್ಕೂ ಹೆಚ್ಚು ಜೀತದಾಳುಗಳನ್ನು ಗುರುತಿಸಲಾಯಿತು. ಆಮೇಲೆ ಹಲವು ಜಿಲ್ಲಾಡಳಿತಗಳು ‘ನಮ್ಮಲ್ಲಿ ಜೀತವಿಲ್ಲ’ ಎಂದು ಬರೆದು ಕಡತ ಮುಚ್ಚಿದವು.

ಆ ಕಡತವನ್ನು ಮತ್ತೆ ತೆರೆಸಿದ ಸಂಘಟನೆ ‘ಜೀವಿಕ’, ಅಂದರೆ ಜೀತ ವಿಮುಕ್ತಿ ಕರ್ನಾಟಕ. ಕಿರಣ್ ಕಮಲ್ ಪ್ರಸಾದ್ ಅವರು ಆನೇಕಲ್ಲಿನ ಕಡೆ ಆರಂಭಿಸಿದ ಕೆಲಸ ರಾಜ್ಯದ ಬಹುಪಾಲು ಜಿಲ್ಲೆಗಳಿಗೆ ಹಬ್ಬಿತು. ಇಲ್ಲೂ ಮುಖ್ಯವಾದದ್ದು ಯಾರು ಕೇಳುತ್ತಾರೆ ಎಂಬುದೇ. ಜೀತದಾಳುಗಳೂ ಕೃಷಿ ಕಾರ್ಮಿಕರೂ ತಮ್ಮದೇ ಒಕ್ಕೂಟ ಕಟ್ಟಿಕೊಂಡು, ತಮಟೆ ಬಾರಿಸುತ್ತಾ ತಾಲ್ಲೂಕು ಕಚೇರಿಗೆ ಹೋಗಿ, ತಾವೇ ಅರ್ಜಿ ಕೊಟ್ಟರು. ಅಧಿಕಾರಿ ಬಂದು ಬಿಡಿಸುವವರೆಗೆ ಕಾಯುವ ಆಳು ಒಬ್ಬ. ‘ನಾನು ಜೀತದಲ್ಲಿದ್ದೇನೆ, ನನಗೆ ಬಿಡುಗಡೆ ಪತ್ರ ಕೊಡಿ’ ಎಂದು ಕೇಳುವ ಆಳು ಇನ್ನೊಬ್ಬ. ಮತ್ತೆ ಜೀತಕ್ಕೆ ಬೀಳದೆ ಉಳಿಯುವ ಶಕ್ತಿ ಹೆಚ್ಚಾಗಿ ಎರಡನೆಯವನಿಗಿರುತ್ತದೆ, ಏಕೆಂದರೆ ಅವನ ಹಿಂದೆ ಸಂಘವಿದೆ.

ಜನರಿಗೆ ಗೊತ್ತಿರಲೇಬೇಕಾದ ಒಂದು ಮಾತು ಈ ಕಾಯ್ದೆಯಲ್ಲಿದೆ. ಜೀತಕ್ಕಾಗಿ ಕೊಟ್ಟ ಸಾಲ ಅಥವಾ ಮುಂಗಡವನ್ನು ಕೆಲಸಗಾರ ತೀರಿಸಬೇಕಾಗಿಲ್ಲ. ಕಾನೂನಿನ ಕಣ್ಣಿನಲ್ಲಿ ಅದು ರದ್ದಾದ ಸಾಲ. ಇಷ್ಟು ತಿಳಿದರೆ ಎಷ್ಟೋ ಮನೆಗಳ ಭಯ ಇಳಿಯುತ್ತದೆ. ಆದರೆ ಪುನರ್ವಸತಿಯ ದಾರಿ ದುರ್ಗಮ. 2016ರ ಕೇಂದ್ರ ಯೋಜನೆ ಬಿಡುಗಡೆಯಾದವರಿಗೆ ಪರಿಸ್ಥಿತಿಗೆ ತಕ್ಕಂತೆ 1ರಿಂದ 3 ಲಕ್ಷ ರೂಪಾಯಿವರೆಗೆ ನೆರವು ಹೇಳಿತು. ತಕ್ಷಣದ ಸಣ್ಣ ಮೊತ್ತ ಬಿಟ್ಟರೆ ಉಳಿದದ್ದನ್ನು ಆರೋಪಿಗೆ ಶಿಕ್ಷೆಯಾಗುವುದರೊಂದಿಗೆ ತಳುಕು ಹಾಕಿತು. ಮೊಕದ್ದಮೆ ವರ್ಷಗಟ್ಟಲೆ ಎಳೆದರೆ ಬಿಡುಗಡೆಯಾದ ಕುಟುಂಬ ಅದೇ ಸಾಹುಕಾರನ ಬಾಗಿಲಿಗೆ ಹೋಗದೆ ಇನ್ನೇನು ಮಾಡೀತು?

ಹಾಜರಿ ಪುಸ್ತಕ

ಮೂರನೆಯ ಧಾರೆ ಮಕ್ಕಳದು. ಕುಂದಾಪುರದ ಕಡೆಯಿಂದ ಬೆಂಗಳೂರು, ಮುಂಬೈಯ ಹೋಟೆಲುಗಳಿಗೆ ‘ಮಾಣಿ’ಗಳಾಗಿ ಹುಡುಗರು ಹೋಗುತ್ತಿದ್ದ ಕಾಲವೊಂದಿತ್ತು. ಅದೇ ಸೀಮೆಯಲ್ಲಿ ದುಡಿಯುವ ಮಕ್ಕಳು ಭೀಮ ಸಂಘವೆಂಬ ತಮ್ಮದೇ ಸಂಘಟನೆ ಕಟ್ಟಿಕೊಂಡರು. 1990ರ ದಶಕದ ನಡುವಿನಲ್ಲಿ ಕೆರಾಡಿಯಂಥ ಊರುಗಳಲ್ಲಿ ಮಕ್ಕಳೇ ಮತ ಹಾಕಿ ಆರಿಸಿದ ಮಕ್ಕಳ ಪಂಚಾಯತಿಗಳು ನಡೆದವು. ಯಾವ ಮನೆಯ ಹುಡುಗ ಊರು ಬಿಟ್ಟ, ಯಾಕೆ ಬಿಟ್ಟ ಎಂಬ ಲೆಕ್ಕ ಹಿರಿಯರಿಗಿಂತ ಮಕ್ಕಳ ಬಳಿ ಹೆಚ್ಚು ಖಚಿತವಾಗಿರುತ್ತದೆ ಎಂದು ಆ ಪ್ರಯೋಗ ತೋರಿಸಿತು. 2006ರಿಂದ ರಾಜ್ಯದಲ್ಲಿ ಗ್ರಾಮ ಪಂಚಾಯತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ಆದೇಶವಿದೆ. ನಾನು ಆರಂಭದಲ್ಲಿ ಹೇಳಿದ ಹುಡುಗಿಗೆ ಎದ್ದು ನಿಲ್ಲಲು ಜಾಗ ಸಿಕ್ಕಿದ್ದು ಆ ಆದೇಶದಿಂದ.

ಕಲ್ಯಾಣ ಕರ್ನಾಟಕದಲ್ಲಿ ದಸರಾ ಮುಗಿಯುತ್ತಿದ್ದಂತೆ ಗುಳೆ ಶುರುವಾಗುತ್ತದೆ. ಮೇಸ್ತ್ರಿ ಮುಂಗಡ ಕೊಟ್ಟು ಲಾರಿ ತರುತ್ತಾನೆ. ಮನೆಗೆ ಬೀಗ ಬೀಳುತ್ತದೆ, ಮಕ್ಕಳೂ ಹೊರಡುತ್ತಾರೆ. ಹತ್ತಿ ಬೀಜೋತ್ಪಾದನೆಯ ಹೊಲಗಳಲ್ಲಿ ‘ಕ್ರಾಸಿಂಗ್’, ಅಂದರೆ ಕೈಯಿಂದ ಪರಾಗಸ್ಪರ್ಶ ಮಾಡುವ ಕೆಲಸಕ್ಕೆ ಸಣ್ಣ ಬೆರಳಿನ ಹುಡುಗಿಯರೇ ಬೇಕು. ಗುಳೆ ಹೋದವರೆಲ್ಲ ಸಾಗಾಣಿಕೆಗೆ ಸಿಕ್ಕವರಲ್ಲ. ಆದರೆ ಬೀಗ ಬಿದ್ದ ಐವತ್ತು ಮನೆಗಳ ನಡುವೆ ಒಂದು ಮನೆಯ ಹುಡುಗಿ ಬೇರೆಲ್ಲಿಗೋ ಹೋದದ್ದು ಯಾರ ಗಮನಕ್ಕೂ ಬರುವುದಿಲ್ಲ.

ಅದನ್ನು ಮೊದಲು ಹಿಡಿಯಬಲ್ಲದ್ದು ಶಾಲೆಯ ಹಾಜರಿ ಪುಸ್ತಕ. ಹಿಂದೆ 60 ದಿನ ಗೈರಾದರೆ ಮಾತ್ರ ಶಾಲೆಯಿಂದ ಹೊರಗುಳಿದ ಮಗು ಎಂಬ ಲೆಕ್ಕವಿತ್ತು. ಎರಡು ತಿಂಗಳಲ್ಲಿ ಮಗು ದೇಶದ ಯಾವ ಮೂಲೆಯನ್ನಾದರೂ ಸೇರಬಹುದು. 2013ರಲ್ಲಿ ರಾಜ್ಯ ಹೈಕೋರ್ಟ್ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡ ಪ್ರಕರಣದ ಬಳಿಕ ಅದು ಸತತ 7 ದಿನಕ್ಕೆ ಇಳಿಯಿತು. ಎಂಟನೇ ದಿನ ಶಿಕ್ಷಕರು ಮನೆ ಬಾಗಿಲಿಗೆ ಹೋದರೆ ಆ ಬದಲಾವಣೆಗೆ ಅರ್ಥ. ಹೋಗುವ ಶಿಕ್ಷಕರನ್ನೂ ನೋಡಿದ್ದೇನೆ, ಹೆಸರು ಕೈಬಿಡಬಾರದೆಂದು ಸುಮ್ಮನೆ ಹಾಜರಿ ಹಾಕುವವರನ್ನೂ ನೋಡಿದ್ದೇನೆ. ಎರಡನೆಯವರ ಕರುಣೆ ದಲ್ಲಾಳಿಗೆ ವರದಾನ. ಗುಳೆ ಕಾಲದಲ್ಲಿ ಮಕ್ಕಳು ಊರಲ್ಲೇ ಉಳಿಯುವಂತೆ ಋತುಮಾನದ ವಸತಿ ನಿಲಯ ಇದ್ದಲ್ಲಿ, ಅಜ್ಜಿಯ ಬಳಿ ಮಗುವನ್ನು ಬಿಟ್ಟು ಹೋಗಲು ತಾಯಿಗೆ ಧೈರ್ಯ ಬರುತ್ತದೆ.

ತವರು, ಗಡಿ, ಗಲ್ಲಿ

ಹೊರಗಿನ ಮೂರು ಪ್ರಯೋಗಗಳು ನಮ್ಮ ಅನುಭವಕ್ಕೆ ಬೆಳಕು ಚೆಲ್ಲುತ್ತವೆ. ಮೊದಲನೆಯದು ನೇಪಾಳದ್ದು. 1993ರಲ್ಲಿ ಅನುರಾಧಾ ಕೊಯಿರಾಲಾ ಕಟ್ಟಿದ ‘ಮೈತಿ ನೇಪಾಳ’ದ ಹೆಸರಿನಲ್ಲೇ ತವರುಮನೆ ಇದೆ, ಮೈತಿ ಎಂದರೆ ಹೆಣ್ಣಿನ ತವರು. ಭಾರತದ ಗಡಿಯ ದಾಟುದಾರಿಗಳಲ್ಲಿ ಅದರ ಕಾರ್ಯಕರ್ತೆಯರು ನಿಂತು, ಗಂಡಸಿನ ಜೊತೆ ಅಳುಕುತ್ತಾ ನಡೆದು ಬರುವ ಹುಡುಗಿಯನ್ನು ಬದಿಗೆ ಕರೆದು ಮಾತಾಡಿಸುತ್ತಾರೆ. ಹಾಗೆ ನಿಂತವರಲ್ಲಿ ಒಂದು ಕಾಲದಲ್ಲಿ ಅದೇ ದಾರಿಯಲ್ಲಿ ಮಾರಾಟವಾಗಿ ಹೋಗಿ ಬಂದವರೂ ಇದ್ದಾರೆ. 1996ರಲ್ಲಿ ಮುಂಬೈಯ ವೇಶ್ಯಾಗೃಹಗಳ ಮೇಲೆ ನಡೆದ ದೊಡ್ಡ ದಾಳಿಯಲ್ಲಿ ಸಿಕ್ಕ ನೇಪಾಳಿ ಹುಡುಗಿಯರನ್ನು ವಾಪಸ್ ಕರೆಸಿಕೊಳ್ಳಲು ಅವರ ಸರ್ಕಾರವೇ ಹಿಂದೇಟು ಹಾಕಿತ್ತು. ಹಾಗೆ ಮರಳಿ ಬಂದವರಲ್ಲೇ ಕೆಲವರು ‘ಶಕ್ತಿ ಸಮೂಹ’ವನ್ನು ಕಟ್ಟಿದರು. ಸಾಗಾಣಿಕೆಯಿಂದ ಪಾರಾದವರೇ ನಡೆಸುವ ಆ ಸಂಸ್ಥೆಗೆ 2013ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಎರಡನೆಯದು ಕೋಲ್ಕತ್ತದ ವೇಶ್ಯಾವಾಟಿಕೆಯ ಬಡಾವಣೆ ಸೋನಾಗಾಛಿಯದು. ಅಲ್ಲಿನ ದುರ್ಬಾರ್ ಮಹಿಳಾ ಸಮನ್ವಯ ಸಮಿತಿಯು 1990ರ ದಶಕದ ಕೊನೆಯಲ್ಲಿ ಸ್ವನಿಯಂತ್ರಣ ಮಂಡಳಿಗಳನ್ನು ಆರಂಭಿಸಿತು. ಸದಸ್ಯರಲ್ಲಿ ಹೆಚ್ಚಿನವರು ಲೈಂಗಿಕ ವೃತ್ತಿಯ ಹೆಂಗಸರೇ, ಜೊತೆಗೆ ವೈದ್ಯರು, ವಕೀಲರು, ಸ್ಥಳೀಯ ಪ್ರತಿನಿಧಿಗಳು. ಗಲ್ಲಿಗೆ ಹೊಸ ಮುಖ ಬಂದ ಕೂಡಲೇ ಅವಳನ್ನು ಕರೆದು ವಿಚಾರಿಸುತ್ತಾರೆ; ವಯಸ್ಸಿನ ಬಗ್ಗೆ ಅನುಮಾನ ಬಂದರೆ ಎಕ್ಸ್‌ರೇ ತೆಗೆಸುತ್ತಾರೆ; ಅಪ್ರಾಪ್ತೆಯಾದರೆ ಅಥವಾ ಬಲವಂತವಾಗಿ ಬಂದಿದ್ದರೆ ಮನೆಗೋ ಮಕ್ಕಳ ಕಲ್ಯಾಣ ಸಮಿತಿಗೋ ಒಪ್ಪಿಸುತ್ತಾರೆ. ಮೂರನೆಯದು ಅದೇ ವೃತ್ತಿಯ ಹೆಂಗಸರ ಸಂಘಟನೆಯಾದ ಸಾಂಗ್ಲಿಯ ‘ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್’. ಇದು ನಮಗೆ ದೂರದ್ದಲ್ಲ. ಸಾಂಗ್ಲಿಯ ಗೋಕುಲನಗರದ ಮನೆಗಳಲ್ಲಿ ಉತ್ತರ ಕರ್ನಾಟಕದಿಂದ ಹೋದ ಹೆಂಗಸರು ಬಹಳ. ಅಲ್ಲಿನ ಜಗಲಿಗಳಲ್ಲಿ ಕನ್ನಡ ಕೇಳುತ್ತದೆ.

ಕೊನೆಯ ಎರಡು ಪ್ರಯೋಗಗಳ ಬಗ್ಗೆ ಗಂಭೀರ ಭಿನ್ನಮತವಿದೆ. ದಂಧೆಯ ಒಳಗಿನವರೇ ದಂಧೆಗೆ ಕಾವಲಾಗುವುದು ಸಾಧ್ಯವಿಲ್ಲ, ವೇಶ್ಯಾವಾಟಿಕೆ ಇರುವವರೆಗೆ ಸಾಗಾಣಿಕೆ ಇರುತ್ತದೆ ಎನ್ನುವ ಸ್ತ್ರೀವಾದಿಗಳಿದ್ದಾರೆ. ದಾಳಿ ಮಾಡಿ ಬಿಡಿಸಿದವರನ್ನು ವರ್ಷಗಟ್ಟಲೆ ಆಶ್ರಮದಲ್ಲಿ ಕೂಡಿಹಾಕುವುದು ಇನ್ನೊಂದು ಸೆರೆ ಎನ್ನುವುದು ಸಂಘಟಿತ ಹೆಂಗಸರ ವಾದ. ಒಪ್ಪಿ ವೃತ್ತಿಯಲ್ಲಿರುವ ವಯಸ್ಕ ಹೆಂಗಸರನ್ನು ಪೀಡಿಸಬಾರದು, ಅವರಿಗೂ ಘನತೆಯ ಬದುಕಿನ ಹಕ್ಕಿದೆ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಈ ದೊಡ್ಡ ಜಗಳವನ್ನು ಇಲ್ಲಿ ತೀರ್ಮಾನಿಸಲಾರೆ. ಆದರೆ ಮುಚ್ಚಿದ ಬಾಗಿಲಿನ ಹಿಂದೆ ಹದಿನಾಲ್ಕರ ಹುಡುಗಿಯೊಬ್ಬಳನ್ನು ತಂದಿಟ್ಟ ಸುದ್ದಿ ಮೊದಲು ತಿಳಿಯುವುದು ಅದೇ ಗಲ್ಲಿಯ ಹೆಂಗಸಿಗೆ. ಪೊಲೀಸರಿಗೆ ಹೆದರದೆ ಅವಳು ಆ ಸುದ್ದಿಯನ್ನು ಹೊರಗೆ ಹೇಳುವಂತಿರಬೇಕು ಎಂಬುದರಲ್ಲಿ ಎರಡೂ ಕಡೆಯವರಿಗೆ ಅನುಮಾನ ಇರಲಾರದು.

ಕಾವಲು ಬೇಲಿಯಾದಾಗ

ಸ್ಥಳೀಯರದ್ದು ಎಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದಲ್ಲ. ಊರು ಎಂದರೆ ಜಾತಿಯೂ ಹೌದು, ಸಾಲ ಕೊಟ್ಟವನೂ ಹೌದು. ಸಾಹುಕಾರನ ತಮ್ಮನೇ ಕಾವಲು ಸಮಿತಿಯ ಅಧ್ಯಕ್ಷನಾದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ. ಕಾಗದದ ಮೇಲೆ ಪ್ರತಿ ಪಂಚಾಯತಿಯಲ್ಲೂ ಮಕ್ಕಳ ರಕ್ಷಣಾ ಸಮಿತಿಯಿದೆ. ಎಷ್ಟೋ ಕಡೆ ಸದಸ್ಯರಿಗೇ ತಾವು ಸದಸ್ಯರೆಂಬುದು ಗೊತ್ತಿಲ್ಲ. ನಡಾವಳಿ ಪುಸ್ತಕ ಸಹಿಗಾಗಿ ಮನೆ ಮನೆಗೆ ಹೋಗುತ್ತದೆ.

ಇನ್ನೂ ದೊಡ್ಡ ಅಪಾಯವೆಂದರೆ ಸಾಗಾಣಿಕೆ ತಡೆಯುವ ಹೆಸರಿನಲ್ಲಿ ಹೆಣ್ಣುಮಕ್ಕಳನ್ನೇ ತಡೆಯುವುದು. ‘ಹೊರಗೆ ಕಳಿಸಿದರೆ ಕೆಟ್ಟುಹೋಗ್ತಾಳೆ’ ಎಂದು ಶಾಲೆ ಬಿಡಿಸಿ ಹದಿನೈದಕ್ಕೆ ಮದುವೆ ಮಾಡಿದರೆ ಊರು ಅವಳನ್ನು ದಲ್ಲಾಳಿಯಿಂದ ಕಾಪಾಡಿ ಬಾಲ್ಯವಿವಾಹಕ್ಕೆ ಒಪ್ಪಿಸಿತು ಅಷ್ಟೆ. ಪ್ರೀತಿಸಿ ಊರು ಬಿಟ್ಟ ವಯಸ್ಕ ಜೋಡಿಯ ಮೇಲೆ ಅಪಹರಣದ ಕೇಸು ಜಡಿಯುವುದೂ ಇದೇ ಜಾತಿಗೆ ಸೇರಿದ ‘ರಕ್ಷಣೆ’. ನೇಪಾಳ ಸರ್ಕಾರ 2012ರಲ್ಲಿ 30 ವರ್ಷದೊಳಗಿನ ಹೆಂಗಸರು ಮನೆಗೆಲಸಕ್ಕೆ ಕೊಲ್ಲಿ ದೇಶಗಳಿಗೆ ಹೋಗಬಾರದೆಂದಿತು. ಅವರು ಹೋಗುವುದನ್ನು ನಿಲ್ಲಿಸಲಿಲ್ಲ. ಕಾಗದಪತ್ರವಿಲ್ಲದೆ, ಭಾರತದ ಮೂಲಕ, ಇನ್ನೂ ದುಬಾರಿ ದಲ್ಲಾಳಿಗಳ ಕೈಹಿಡಿದು ಹೋದರು. ಪಶ್ಚಿಮ ಆಫ್ರಿಕಾದ ಮಾಲಿ, ಬೆನಿನ್ ದೇಶಗಳಲ್ಲಿ ಹಳ್ಳಿ ಹಳ್ಳಿಗೂ ಕಾವಲು ಸಮಿತಿ ಮಾಡಿದಾಗಲೂ ಸಂಶೋಧಕರಿಗೆ ಕಂಡದ್ದು ಇಂಥದ್ದೇ: ಕೆಲಸ ಹುಡುಕಿ ಹೊರಟ ಹುಡುಗರು ಕಣ್ತಪ್ಪಿಸಿ ರಾತ್ರಿ ದಾರಿ ಹಿಡಿದರು.

ಇಲ್ಲಿ ಒಂದು ಗೆರೆ ಎಳೆದುಕೊಳ್ಳಬೇಕು. ‘ಎಲ್ಲಿಗೆ ಹೋದಳು’ ಎಂಬ ಪ್ರಶ್ನೆಯನ್ನು ಎರಡು ಬಗೆಯಲ್ಲಿ ಕೇಳಬಹುದು. ಅವಳು ಸುರಕ್ಷಿತವಾಗಿದ್ದಾಳೆಯೇ, ಕೂಲಿ ಕೊಡುತ್ತಿದ್ದಾರೆಯೇ, ಬೇಕೆಂದಾಗ ಮರಳಿ ಬರಬಲ್ಲಳೇ ಎಂದು ಕೇಳುವುದು ಒಂದು. ಯಾರನ್ನು ಕೇಳಿ ಹೋದಳು ಎಂದು ಕೇಳುವುದು ಇನ್ನೊಂದು. ಘಟಪ್ರಭೆಯ ಹೆಂಗಸರು ಕೇಳುವುದು ಮೊದಲನೆಯದನ್ನು. ಎಷ್ಟೋ ಊರಿನ ಪಂಚರು ಕೇಳುವುದು ಎರಡನೆಯದನ್ನು. ನೊಂದವರು, ದುಡಿದವರು, ಮಕ್ಕಳು ನಡೆಸುವ ಕಾವಲಿಗೂ ಯಜಮಾನರು ನಡೆಸುವ ಕಾವಲಿಗೂ ಇರುವ ವ್ಯತ್ಯಾಸ ಇಲ್ಲಿದೆ.

ಹೋಗಿ ಸೇರುವ ಊರು

ಇಡೀ ಹೊಣೆಯನ್ನು ಹಳ್ಳಿಯ ತಲೆಗೆ ಕಟ್ಟುವುದೂ ನ್ಯಾಯವಲ್ಲ. ದಕ್ಷಿಣ ಏಷ್ಯಾದ ವಲಸಿಗ ಹೆಂಗಸರನ್ನು ಕುರಿತು ಲಂಡನ್ ಸ್ಕೂಲ್ ಆಫ್ ಹೈಜೀನ್ ಆ್ಯಂಡ್ ಟ್ರಾಪಿಕಲ್ ಮೆಡಿಸಿನ್ ನಡೆಸಿದ ಅಧ್ಯಯನದಲ್ಲಿ, ಹೊರಡುವ ಮೊದಲು ಕೊಟ್ಟ ತಿಳಿವಳಿಕೆಯೊಂದೇ ಅವರನ್ನು ಕಾಪಾಡುವುದಿಲ್ಲ ಎಂದು ತಿಳಿದುಬಂತು. ಎಷ್ಟು ಜಾಗೃತೆಯಾಗಿದ್ದರೂ ಹೋಗಿ ಸೇರಿದ ಕಡೆ ಪಾಸ್‌ಪೋರ್ಟ್ ಕಿತ್ತುಕೊಳ್ಳುವ ಯಜಮಾನನಿದ್ದರೆ ಅವಳೇನು ಮಾಡಬಲ್ಲಳು?

ಬೆಂಗಳೂರು ಅಂಥ ಹೋಗಿ ಸೇರುವ ಊರು. ಸುತ್ತಲಿನ ಇಟ್ಟಿಗೆ ಗೂಡುಗಳಿಗೆ ಒಡಿಶಾದ ಬಲಾಂಗೀರ್ ಕಡೆಯಿಂದ ಮುಂಗಡ ಹಿಡಿದ ಕುಟುಂಬಗಳು ಬರುತ್ತವೆ, ಮನೆಗೆಲಸಕ್ಕೆ ಜಾರ್ಖಂಡ್, ಅಸ್ಸಾಂ, ಉತ್ತರ ಕರ್ನಾಟಕದ ಹುಡುಗಿಯರು ಬರುತ್ತಾರೆ. ಹತ್ತನೇ ಮಹಡಿಯ ಫ್ಲ್ಯಾಟಿನಲ್ಲಿ ಮಗು ಆಡಿಸುವ ಹನ್ನೆರಡರ ಹುಡುಗಿಯನ್ನು ಲಿಫ್ಟಿನಲ್ಲಿ ದಿನವೂ ನೋಡುವವರು ಹತ್ತಾರು ಜನ. ‘ನಮ್ಮ ಸಂಬಂಧಿಕರ ಹುಡುಗಿ’ ಎಂಬ ಉತ್ತರಕ್ಕೆ ಎಲ್ಲರೂ ತೃಪ್ತರು. ಗೇಟಿನಲ್ಲಿ ಪಾರ್ಸೆಲ್ ತಂದವನ ಹೆಸರು, ಫೋನ್ ನಂಬರು ಬರೆಸಿಕೊಳ್ಳುವ ನಿವಾಸಿಗಳ ಸಂಘ, ಒಳಗೇ ವಾಸವಿರುವ ಆ ಮಗು ಯಾವ ಶಾಲೆಗೆ ಹೋಗುತ್ತದೆ ಎಂದು ಕೇಳುವುದಿಲ್ಲ. ಕೇಳಬೇಕು. 1098ಕ್ಕೆ ಒಂದು ಕರೆ ಮಾಡಲು ಯಾರ ಅನುಮತಿಯೂ ಬೇಡ, ಕರೆ ಮಾಡಿದವರ ಹೆಸರು ಹೇಳಬೇಕಾಗಿಯೂ ಇಲ್ಲ. ಬಿಡಿಸಿದ ಹೆಣ್ಣುಮಕ್ಕಳಿಗೆ ಮೈಸೂರಿನ ಒಡನಾಡಿಯಂಥ ಸಂಸ್ಥೆಗಳು ಮೂರು ದಶಕಗಳಿಗೂ ಹೆಚ್ಚು ಕಾಲದಿಂದ ಆಸರೆ ಕೊಟ್ಟಿವೆ. ಆದರೆ ಅಲ್ಲಿಯವರೆಗೆ ತಲುಪುವ ಮೊದಲ ಹೆಜ್ಜೆ ಯಾವಾಗಲೂ ಒಬ್ಬ ನೆರೆಯವರ ಅನುಮಾನ.

ಮೂರು ಪಾಠಗಳು

ಇಷ್ಟೆಲ್ಲ ನೋಡಿದ ಮೇಲೆ ನನಗೆ ಮೂರು ಸಂಗತಿ ಸ್ಪಷ್ಟವಾಗಿವೆ. ಪೆಟ್ಟು ತಿಂದವರೇ ಮುಂದೆ ನಿಂತ ಕಡೆ ಸ್ಥಳೀಯ ಕಾವಲು ಉಳಿದಿದೆ, ಬೆಳೆದಿದೆ. ಕಾವಲಿನ ಜೊತೆ ಹೊಟ್ಟೆಪಾಡಿನ ದಾರಿಯೂ ಇದ್ದಾಗ, ಅಂದರೆ ಉದ್ಯೋಗ ಖಾತ್ರಿಯ ಕೂಲಿ ಸಕಾಲಕ್ಕೆ ಬಂದಾಗ, ಆಸ್ಪತ್ರೆ ಖರ್ಚಿಗೆ ಸಂಘದಲ್ಲಿ ಸಾಲ ಸಿಕ್ಕಾಗ, ಹಾಸ್ಟೆಲಿನಲ್ಲಿ ಸೀಟು ಇದ್ದಾಗ ಮಾತ್ರ ಅದು ಫಲ ಕೊಟ್ಟಿದೆ. ಮುಂಗಡ ಕೊಡುವ ದಲ್ಲಾಳಿಗೆ ಎದುರು ನಿಲ್ಲಬಲ್ಲದ್ದು ಭಾಷಣವಲ್ಲ, ಇನ್ನೊಂದು ಕಡೆಯಿಂದ ಸಿಗುವ ಐದು ಸಾವಿರ ರೂಪಾಯಿ. ಮೂರನೆಯದಾಗಿ, ಕೇಳಿದ ಪ್ರಶ್ನೆ ಎಲ್ಲಾದರೂ ಬರಹಕ್ಕೆ ಇಳಿಯಬೇಕು. ಹಾಜರಿ ಪುಸ್ತಕ, ಪಂಚಾಯತಿಯ ನಡಾವಳಿ, ಠಾಣೆಯ ದೂರು, ಬಿಡುಗಡೆ ಪತ್ರ, ಹೀಗೆ ಯಾವುದಾದರೂ ಒಂದು ಕಾಗದದ ಮೇಲೆ ಅವಳ ಹೆಸರು ಬಿದ್ದರೆ ಆಮೇಲೆ ಯಾರಾದರೂ ಉತ್ತರ ಕೊಡಲೇಬೇಕಾಗುತ್ತದೆ.

ರಾಯಚೂರಿನ ಆ ಸಭೆಯಲ್ಲಿ ಆದದ್ದೂ ಅದೇ. ಪಿಡಿಒ ಹುಡುಗಿಯ ಹೆಸರನ್ನು ನಡಾವಳಿಯಲ್ಲಿ ಬರೆಸಿದರು. ಮರುದಿನ ಮುಖ್ಯ ಗುರುಗಳೂ ಅಂಗನವಾಡಿ ಕಾರ್ಯಕರ್ತೆಯೂ ಮನೆಗೆ ಹೋದರು. ತಾಯಿ ಮೊದಲು ಬಾಯಿ ಬಿಡಲಿಲ್ಲ. “ಹತ್ತು ಸಾವಿರ ಇಸಗೊಂಡೀವ್ರಿ, ಕರಕೊಂಡು ಬಂದ್ರ ಎಲ್ಲಿಂದ ಕೊಡೂದು?” ಎಂಬುದು ಅವಳ ಭಯವಾಗಿತ್ತು. ಆ ಹಣ ಕೊಡಬೇಕಾಗಿಲ್ಲ, ಕಾನೂನೇ ಹಾಗೆ ಹೇಳುತ್ತದೆ ಎಂದು ಮನವರಿಕೆ ಮಾಡಲು ಎರಡು ಸಂಜೆ ಹಿಡಿಯಿತು. ಮೂರನೇ ಸಂಜೆ ಅವಳು ಟ್ರಂಕಿನೊಳಗಿಂದ ಫೋನ್ ನಂಬರು ಬರೆದಿದ್ದ ಚೀಟಿ ತೆಗೆದುಕೊಟ್ಟಳು. ಮಕ್ಕಳ ರಕ್ಷಣಾ ಘಟಕದವರು ಆ ನಂಬರಿನ ಬೆನ್ನು ಹತ್ತಿದರು. ಸಂಕ್ರಾಂತಿಗೆ ಮೊದಲು ಹುಡುಗಿ ಊರಿಗೆ ಬಂದಳು ಎಂದು ಗುರುಗಳು ಫೋನಿನಲ್ಲಿ ತಿಳಿಸಿದರು. ಆ ಮಾವ ಯಾರ ಮಾವನೂ ಆಗಿರಲಿಲ್ಲ.

ಅವಳ ಪಕ್ಕದಲ್ಲಿ ಈಗ ಯಾರು ಕೂರುತ್ತಾರೆ ಎಂದು ಕೇಳಿದೆ. “ಇನ್ಯಾರ್ರಿ, ಎದ್ದು ನಿಂತು ಕೇಳಿದಾಕೀನ” ಅಂದರು.